ಜಾಮೀನುದಾರ ಇಮಾಮ್‌ಸಾಬ

ಪರದೆಯ ಮೇಲಿನ ಮುದುಕಿ ಮಗನ ಬಲತೋಳಿಗೆ ಬಟ್ಟೆಯ ತುಂಡೊಂದನ್ನು ಕಟ್ಟಿ, ಏನೋ ಎರಡು ಮಾತಾಡಿ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ರೀಲು ಮುಗಿದು ತಂಬುವಿನೊಳಗೆ ದೀಪ ಹತ್ತಿತು. ಲಿಂಗಸುಗೂರಿನ ಜನ ಒಟ್ಟಿಗೇ ನರಸಣ್ಣನ ಕಡೆ ತಿರುಗಿದರು.

"ಏನಂದ್ಳ್ರೀ ಆಕಿ?"

ನರಸಣ್ಣ ತಹಸೀಲ ಕಚೇರಿಯ ಮುಂದಿನ ಬೇವಿನ ಮರದಡಿ ಕೂತು ಉರ್ದುವಿನಲ್ಲಿ ಅರ್ಜಿ ಬರೆದುಕೊಡುವವನು. ನಿಜಾಮ ಸರ್ಕಾರದ ಭಾಷೆಯಲ್ಲಿ ತನಗೆ ತಿಳಿಯದ ಶಬ್ದ ಇನ್ನೂ ಹುಟ್ಟಿಲ್ಲ ಎಂದು ಅವನು ನಂಬಿದ್ದ. ಊರೂ ನಂಬಿತ್ತು, ಯಾಕೆಂದರೆ ಊರಿಗೆ ಹಾಗೆ ಹೇಳಿದವನೂ ಅವನೇ. ಹೀಗಾಗಿ ಟೂರಿಂಗ್ ಟಾಕೀಸಿನ ರಾಜೇಸಾಬ್, ಇರಾನಿ ವ್ಯಾಪಾರಿಯೊಬ್ಬನ ಮನೆತನದ ಕಥೆಯಿರುವ ಉರ್ದು ಚಿತ್ರ ತಂದಾಗ, ರೀಲು ಬದಲಿಸುವ ಬಿಡುವಿನಲ್ಲಿ ಕಥೆಯನ್ನು ಕನ್ನಡದಲ್ಲಿ ಹೇಳಲು ಅವನನ್ನೇ ಕರೆದಿದ್ದ. ನರಸಣ್ಣ ಇಸ್ತ್ರಿಯ ಶೇರವಾನಿ ತೊಟ್ಟು, ಚಿತ್ರದ ನಾಯಕ ತಾನೇ ಎಂಬಂತೆ ಬಂದು ನಿಂತಿದ್ದ.

ಅಲ್ಲಿಯವರೆಗೆ ಎಲ್ಲ ಸುಸೂತ್ರವಾಗಿಯೇ ನಡೆದಿತ್ತು. ಹುಡುಗ ಹುಡುಗಿಗೆ ಬರೆದ ಪ್ರೇಮಪತ್ರವನ್ನು ಅವನು "ಹುಡುಗ ದರಖಾಸ್ತು ಕೊಟ್ಟಾನ, ಹುಕುಂ ಇನ್ನೂ ಬಂದಿಲ್ಲ" ಎಂದು ವಿವರಿಸಿದಾಗ ಜನ ತಲೆದೂಗಿದ್ದರು. ಆದರೆ ಈ ಮುದುಕಿ ಆಡಿದ್ದು ಕಚೇರಿಯ ಉರ್ದುವಲ್ಲ, ಅಡುಗೆಮನೆಯ ಮಾತು. ಅದರಲ್ಲಿ ನರಸಣ್ಣನಿಗೆ ಪರಿಚಯದ ಶಬ್ದವೆಂದು ಕಿವಿಗೆ ಬಿದ್ದದ್ದು ಒಂದೇ: ಜಾಮಿನ್. ಅದಕ್ಕೆ ಅಂಟಿಕೊಂಡು ಇಮಾಮ್ ಎಂಬ ಹೆಸರೂ ಕೇಳಿಸಿತ್ತು. ಅವನಿಗೆ ಅಷ್ಟು ಸಾಕಾಯಿತು.

"ಮಗನ ಮ್ಯಾಲೆ ಕೇಸ್ ಆಗ್ಯಾದ," ಎಂದು ಗಂಟಲು ಸರಿಮಾಡಿಕೊಂಡ. "ತಾಯಿ ಜಾಮೀನು ಕೊಡಿಸಿ ಬಿಡಿಸ್ಯಾಳ. ಜಾಮೀನುದಾರನ ಹೆಸರು ಇಮಾಮ್‌ಸಾಬ. ತೋಳಿಗೆ ಕಟ್ಟಿದ್ದು ಕೋರ್ಟಿನ ಗುರ್ತು."

ಹೆಂಗಸರ ಕಡೆಗೆ ಇಳಿಬಿಟ್ಟಿದ್ದ ಪರದೆಯ ಹಿಂದೆ ಮೊದಲು ಒಂದು ನಗೆ, ಆಮೇಲೆ ಹತ್ತು ನಗೆ. ನಡುವೆ ಕೌದಿ ಹೊಲಿಯುವ ಖಾತೂನ್‌ಬೀಯ ದನಿ ಕೇಳಿತು. "ಕೇಸೂ ಇಲ್ಲ, ಕೋರ್ಟೂ ಇಲ್ಲೋ ನರಸಣ್ಣ. ಮಗ ದೂರ ಹೊಂಟಾನ. ಇಮಾಮರು ಕಾಯಲಿ ಅಂತ ಬಟ್ಟ್ಯಾಗ ಒಂದು ದುಡ್ಡು ಸುತ್ತಿ ತೋಳಿಗೆ ಕಟ್ಯಾಳ. ಇಮಾಮ್ ಜಾಮಿನ್ ಅಂದ್ರ ಅದು. ನಮ್ಮ ಮನ್ಯಾಗೂ ಕಟ್ಟತೀವಿ."

ತಂಬು ನಕ್ಕಿತು. ರಾಜೇಸಾಬನೂ ನಕ್ಕ. ಉಳಿದ ರೀಲುಗಳ ಕಥೆಯನ್ನು ಖಾತೂನ್‌ಬೀಯೇ ಹೆಂಗಸರ ಪರದೆಯ ಹಿಂದಿನಿಂದ ಹೇಳಿದಳು. ಮದುವೆಮನೆಯಲ್ಲಿ ಅತ್ತೆ ಯಾಕೆ ಶರಬತ್ತು ಮುಟ್ಟಲಿಲ್ಲ, ಮಗಳು ಕೇಳಿದ್ದಕ್ಕೆ ತಂದೆ ಯಾಕೆ ಉತ್ತರ ಕೊಡಲಿಲ್ಲ, ಎಲ್ಲವನ್ನೂ. ನರಸಣ್ಣನಿಗೂ ಕಥೆ ಅರ್ಥವಾಗತೊಡಗಿದ್ದು ಆಗಲೇ.

ಆಟ ಬಿಟ್ಟಾಗ ಯಾರ ಕಣ್ಣಿಗೂ ಬೀಳದೆ ಜಾರಿಕೊಳ್ಳಬೇಕೆಂದಿದ್ದ. ಖಾತೂನ್‌ಬೀ ಬಾಗಿಲಲ್ಲೇ ನಿಂತಿದ್ದಳು. ಅವಳ ಮುಖದಲ್ಲಿ ನಗೆ ಇರಲಿಲ್ಲ.

"ಒಂದು ಕೇಳತೀನಿ, ಖರೇ ಹೇಳು. ಮಗಗ ಇಮಾಮ್ ಜಾಮಿನ್ ಕಟ್ಟಿ ನೌಕರಿಗೆ ಕಳಿಸೀನಿ, ನನಗ ಕಣ್ಣು ಮಂಜಾಗ್ಯಾವ, ಅವನ್ನ ಈ ಊರಿಗೆ ಬದಲಿ ಮಾಡಿಕೊಡ್ರಿ ಅಂತ ಹೋದ ವರ್ಷ ನಿನ್ನ ಕಡೆ ಅರ್ಜಿ ಬರಸಿದ್ದೆ. ಅದರಾಗ ನೀ ಏನು ಬರದಿ?"

ಅವಳ ಮಗ ಚಾಂದ್‌ಪಾಷಾ ದೂರದ ಆಲಂಪುರದ ಕಚೇರಿಯಲ್ಲಿ ಜವಾನ. 'ಅರ್ಜಿದಾರಳ ಮಗನು ಸದ್ಯ ಜಾಮೀನಿನ ಮೇಲಿದ್ದಾನೆ' ಎಂದು ತಾನು ದುಂಡಗೆ ಬರೆದ ಸಾಲು ನರಸಣ್ಣನ ಕಣ್ಣೆದುರು ಬಂತು. ಮೊಕದ್ದಮೆ ತೀರುವವರೆಗೆ ಬದಲಿ ಇಲ್ಲ ಎಂದು ಅರ್ಜಿ ತಿರುಗಿ ಬಂದಿತ್ತು. ಆಗ ಅವನು ಅದರ ಮೇಲಿನ ಷರಾ ಓದದೆಯೇ "ಸರ್ಕಾರದ ಮನಸ್ಸು ಕಲ್ಲು ಅವ್ವಾ" ಎಂದು ಅವಳಿಗೆ ಸಮಾಧಾನ ಹೇಳಿ ಕಳಿಸಿದ್ದ. ಈಗಲೂ ತಪ್ಪನ್ನು ಕಚೇರಿಯ ತಲೆಗೆ ಕಟ್ಟಬಹುದಿತ್ತು. ನಾಲಗೆಯ ತುದಿಗೂ ಬಂದಿತ್ತು.

"ಜಾಮೀನಿನ ಮ್ಯಾಲೆ ಅದಾನ ಅಂತ ಬರದೆ, ಅವ್ವಾ."

"ಅಂದ್ರ ಒಂದು ವರ್ಷದಿಂದ ನನ್ನ ಕೂಸು ಕಾಗದದಾಗ ಕಳ್ಳ ಆಗ್ಯಾನ," ಎಂದು ಖಾತೂನ್‌ಬೀ ಸೆರಗು ಹೊದ್ದು ನಡೆದುಬಿಟ್ಟಳು.

ಮರುದಿನ ಕಚೇರಿ ತೆರೆಯುತ್ತಲೇ ನರಸಣ್ಣ ಹೊಸ ಅರ್ಜಿ ಹಿಡಿದು, ಅರ್ಜಿ-ಕಡತ ನೋಡುವ ಪೇಶ್ಕಾರರ ಮೇಜಿನ ಮುಂದಿದ್ದ. ಅವರು ಕಡತದಲ್ಲಿದ್ದ ಹಳೆಯದರ ನಕಲನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೇಳಿದರು.

"ಆವಾಗ ಜಾಮೀನು ಅಂದ್ರಿ, ಈಗ ಕೇಸೇ ಇಲ್ಲ ಅಂತೀರಿ. ಇದರಾಗ ಖರೇ ಯಾವುದು?"

"ಎರಡನೇದು ಖರೇರಿ. ಮೊದಲಿನದು ನನ್ನ ತಪ್ಪು."

"ಹಂಗಾರ ಅದನ್ನ ಬರದು ಸಹಿ ಮಾಡಿ ಕೊಡ್ರಿ."

ಇಪ್ಪತ್ತು ವರ್ಷ ಊರಿನವರ ಅರ್ಜಿಯನ್ನೆಲ್ಲ ಬರೆದವನು ತನ್ನದೆಂದು ಒಂದನ್ನೂ ಬರೆದವನಲ್ಲ. ಬೇವಿನ ಮರದಡಿ ಕಾದು ಕೂತ ನಾಲ್ಕು ಜನ ನೋಡುತ್ತಿದ್ದಂತೆ, ಮೂರು ಹಾಳೆ ಹರಿದು ನಾಲ್ಕನೆಯದರಲ್ಲಿ ಬರೆದ: 'ಕಚೇರಿಯ ಉರ್ದು ಬಿಟ್ಟರೆ ನನಗೆ ಉರ್ದು ಬರುವುದಿಲ್ಲ. ಖಾತೂನ್‌ಬೀ ಆಡಿದ ಮಾತು ತಿಳಿಯಲಿಲ್ಲ. ತಿಳಿಯಲಿಲ್ಲವೆಂದು ಕೇಳಲು ನಾಚಿಕೆಯಾಯಿತು.'

ಮುಂದೆ ಎರಡು ತಿಂಗಳಿಗೆ ಚಾಂದ್‌ಪಾಷಾ ಊರಿಗೆ ಬದಲಿಯಾಗಿ ಬಂದದ್ದು ಆ ಕಾಗದದ ಬಲದಿಂದಲೇ. ಆ ದಿನ ಮಾತ್ರ ಪೇಶ್ಕಾರರು ಅದನ್ನು ಎರಡು ಸಲ ಓದಿ, ಠಸ್ಸೆ ಒತ್ತಿ, ಕನ್ನಡಕದ ಮೇಲಿಂದ ನರಸಣ್ಣನನ್ನು ನೋಡಿದರು.

"ಉರ್ದು ಬರೂದಿಲ್ಲ ಅನ್ನೂದನ್ನ ಇಷ್ಟು ಚಂದ ಉರ್ದುದಾಗ ಈವರೆಗೆ ಯಾರೂ ಬರದು ಕೊಟ್ಟಿದ್ದಿಲ್ಲ ಬಿಡ್ರಿ."