ಕರೇ ಅರವಿಯ ಎಲೆ

“ದಾಸವಾಳದ ಎಲಿಗೆ ಕರೇ ಅರವಿ ಕಟ್ಟಿ ಮಾಟ ಮಾಡೀಯೇನ? ಅದಕ್ಕ ನನ್ನ ಮಗಗ ಜ್ವರ ಬಂದದ!” ಅಂಬಾಬಾಯಿ ನಿವಾಳಿಸಲು ನಿಂಬೆಹಣ್ಣು ಹಿಡಿದು ಸೊಸೆಯ ಎದುರು ನಿಂತಿದ್ದರು.

“ಮಾಟ ಅಲ್ರಿ ಅತ್ತಿ, ನಾಳೆ ಸಾಲ್ಯಾಗ ಹುಡುಗ್ಯಾರಿಗೆ ತೋರಸೋ ಪಾಠ. ಈಗs ನೋಡ್ರಿ,” ಎಂದಳು ಮಾಸ್ತರಿಣಿ ಸುಲಭಾ. ಎಲೆ ಕಿತ್ತು, ಕಪ್ಪು ಅರಿವೆ ಬಿಚ್ಚಿ, ಬಿಸಿ ಸ್ಪಿರಿಟಿನಲ್ಲಿ ಅದ್ದಿ ಹಸಿರು ಬಿಡಿಸಿದಳು. ಬಿಳಚಿಕೊಂಡ ಎಲೆಯ ಮೇಲೆ ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ಹನಿಸಿದಳು. ಎಲೆ ಕಪ್ಪಾಗುತ್ತಿದ್ದಂತೆ ಅಂಬಾಬಾಯಿ ಬೆಚ್ಚಿ ಹಿಂದೆ ಸರಿದರು. ಅರಿವೆ ಮುಚ್ಚಿದ್ದ ಪಟ್ಟಿ ಮಾತ್ರ ಬಿಳಚಿಕೊಂಡೇ ಉಳಿಯಿತು.

“ಟಿಂಚರ್ ತಾಗಿದ್ರ ಗಂಜಿ ಕಪ್ಪಾಗತದ; ಕಪ್ಪಾದಲ್ಲಿ ಊಟ ಅದರಿ. ಬಿಸಲಿನಾಗ ಗಿಡ ತಾನs ಗಂಜಿ ಮಾಡ್ಕೊಂಡದ. ಮುಚ್ಚಿದಲ್ಲಿ ಬಿಸಲಿಲ್ಲ, ಗಂಜೀನೂ ಇಲ್ಲ.”

ಅಂಬಾಬಾಯಿ ಬಿಳಿ ಪಟ್ಟಿಯನ್ನು ಬೆರಳಿನಿಂದ ಸವರಿದರು. “ಅಯ್ಯ, ಪಾಪ, ಇದನ್ನ ಉಪವಾಸ ಕೆಡವೀಯಲ್ಲs!”

ನಿವಾಳಿಸಲು ತಂದಿದ್ದ ನಿಂಬೆಹಣ್ಣನ್ನು ಕೊಯ್ದು, ಮಗನ ಪಾನಕಕ್ಕೆ ಹಿಂಡಿದರು.