ಹನ್ನೊಂದು ಗಂಟೆಯ ಬೆಪ್ಪುಗಳು

“ಬಾಯಿ ಇನ್ನೂ ಸ್ವಲ್ಪ ತೆರೀರಿ,” ಎಂದರು ಕಲ್ಲು ಮೇಷ್ಟ್ರು. “ಹಾಂ, ಹಾಗೆ. ನೊಣ ಒಳಗೆ ಹೋಗೋಷ್ಟು. ಹನ್ನೊಂದು ಗಂಟೆಗೆ ಬರೋ ಬೆಪ್ಪುಗಳೂ ಹೀಗೇ ಕೂತಿರ್ತಾರೆ.”

ಎದುರಿನ ಬೆಂಚುಗಳ ಮೇಲೆ ಇಪ್ಪತ್ತೆರಡು ಮಂದಿ ಇದ್ದರು. ಹುಡುಗರು, ಹುಡುಗಿಯರು, ನಡುನಡುವೆ ಹಿರಿಯರು. ಒಂಬತ್ತೂವರೆಗೆ ರಿಹರ್ಸಲ್. ಹಾಸ್ಟೆಲಿನ ಅಡುಗೆಮನೆಯವರೋ, ತೋಟದವರೋ, ಅವರ ಮಕ್ಕಳೋ, ಕತ್ತಿನ ಮೇಲೆ ತಲೆ ಇರುವ ಯಾರಾದರೂ ಸರಿ, ತಂದು ಕೂರಿಸಬೇಕೆಂದು ಮೇಷ್ಟ್ರು ಕಚೇರಿಯ ಗುಮಾಸ್ತೆಗೆ ಅಪ್ಪಣೆ ಮಾಡಿದ್ದರು. ಬಾಗಿಲು ತೆರೆದು ನೋಡಿದರೆ ಬೆಂಚು ಭರ್ತಿ! ಆಕೆ ಜನ್ಮದಲ್ಲಿ ಮೊದಲ ಸಲ ಹೇಳಿದ ಹೊತ್ತಿಗೆ ಹೇಳಿದ ಕೆಲಸ ಮಾಡಿದ್ದಾಳೆಂದು ಮೇಷ್ಟ್ರಿಗೆ ಮೂರ್ಛೆ ಹೋಗುವಷ್ಟು ಆಶ್ಚರ್ಯವಾಗಿತ್ತು.

ಪದವಿಗೆ ಸೇರಬೇಕೆನ್ನುವ ಮಕ್ಕಳು ವಿಶ್ವವಿದ್ಯಾಲಯವನ್ನು ನೋಡಲು ಬರುವ ದಿನ ಅದು. ಸಂಜೆಯೊಳಗೆ ಭೂವಿಜ್ಞಾನ ವಿಭಾಗಕ್ಕೆ ಹನ್ನೆರಡು ಅರ್ಜಿ ಬರದಿದ್ದರೆ ವಿಭಾಗಕ್ಕೆ ಬೀಗ. ಮೇಷ್ಟ್ರು ಗಂಟುಮೂಟೆ ಸಮೇತ ಭೂಗೋಳ ವಿಭಾಗಕ್ಕೆ. ಅಲ್ಲಿನ ಮುಖ್ಯಸ್ಥೆ ಅವರದೇ ಹಳೆಯ ಶಿಷ್ಯೆ. ಆಕೆಯ ಪ್ರಬಂಧ ಒಲೆ ಹಚ್ಚಲೂ ಲಾಯಕ್ಕಿಲ್ಲವೆಂದು ಮೇಷ್ಟ್ರು ತುಂಬಿದ ಸಭೆಯಲ್ಲಿ ನಕ್ಕಿದ್ದರು. ಆ ನಗುವಿಗೆ ಊರಾಚೆಯ ಗೂಬೆಗಳೂ ಹಗಲಲ್ಲೇ ಎದ್ದು ಕೂತಿದ್ದವು. ಇನ್ನು ಮೇಲೆ ಅರ್ಧ ದಿನದ ರಜೆಗೂ ಆಕೆಯ ಮೇಜಿನ ಮುಂದೆ ಕೈಕಟ್ಟಿ ನಿಲ್ಲಬೇಕು.

ಆದರೂ ಮೇಷ್ಟ್ರಿಗೆ ಅಳುಕಿರಲಿಲ್ಲ. ಅವರಿಗೆ ಮನುಕುಲದ ಮೇಲಿದ್ದ ತಾತ್ಸಾರವನ್ನು ತೂಗಲು ಲಾರಿ ತೂಗುವ ತಕ್ಕಡಿಯೇ ಬೇಕು. ಅದರಲ್ಲಿ ಮುಕ್ಕಾಲು ಪಾಲು ಈಗಿನ ಮಕ್ಕಳಿಗೆ ಮೀಸಲು. ಅವು ಹತ್ತು ಗಂಟೆಗೆ ಮುಂಚೆ ಕಣ್ಣು ಬಿಟ್ಟರೆ ಸೂರ್ಯನೇ ಗಾಬರಿಯಾಗಿ ಹಿಂದಕ್ಕೆ ಹೋಗುತ್ತಾನೆ ಎಂಬುದು ಅವರ ಸಿದ್ಧಾಂತ.

ಕನ್ನಡಕದ ಯಜಮಾನರೊಬ್ಬರು ಎದ್ದು ನಿಂತರು. “ಸಾರ್, ನಾವು ಬಂದಿರೋದು—”

“ಕೂತ್ಕೊಳ್ಳಿ ಯಜಮಾನ್ರೇ. ಬೆಪ್ಪುಗಳು ಮಾತಾಡಲ್ಲ, ತಲೆ ಆಡಿಸ್ತಾರೆ.”

ಯಜಮಾನರು ಕೂತರು. ಸ್ವಲ್ಪ ಹೊತ್ತು ಬಿಟ್ಟು, ತಲೆಯನ್ನೂ ಆಡಿಸಿದರು.

“ಭೇಷ್! ಈಗ ನೋಡಿ, ಮೊದಲನೇ ಮಂಕುಬೂದಿ.” ಮೇಷ್ಟ್ರು ಗಾಜಿನ ಪೆಟ್ಟಿಗೆಯ ದೀಪ ಹಾಕಿದರು. ಒಳಗೆ ಕರ್ರಗಿನ ಮುದ್ದೆಯೊಂದು ಮಿನುಗಿತು. “ಆಕಾಶದಿಂದ ಬಿದ್ದ ಉಲ್ಕೆ ಅಂತ ಹೇಳ್ತೀನಿ. ಆಗ ನೀವು ‘ಆಹಾ’ ಅನ್ಬೇಕು. ನಿಜ ಹೇಳ್ಬೇಕಂದ್ರೆ ಕಮ್ಮಾರನ ಕುಲುಮೆಯ ಕಿಟ್ಟ ಇದು.”

ಯಾರೂ ಆಹಾ ಎನ್ನಲಿಲ್ಲ.

“ಇರ್ಲಿ, ಅಭ್ಯಾಸವಾಗತ್ತೆ. ಇಲ್ಲಿ ಹನ್ನೆರಡು ಮೈಕ್ರೋಸ್ಕೋಪ್ ಇವೆ. ಹನ್ನೊಂದಕ್ಕೆ ಮುಸುಕು ಹಾಕಿದೀನಿ. ಧೂಳು ತಾಗಬಾರದು ಅಂತೀನಿ. ಒಳಗೆ ಜೇಡ ಸಂಸಾರ ಹೂಡಿರೋದು ಆ ಬೆಪ್ಪುಗಳಿಗೇನು ಗೊತ್ತಾಗತ್ತೆ? ಇನ್ನು ನಮ್ಮ ವಿದ್ಯಾರ್ಥಿಗಳು ಮೂರೇ ಜನ. ಈ ಬಾಗಿಲಿಂದ ಹೊರಗೆ ಹೋಗಿ, ಅಂಗಿ ಬದಲಾಯಿಸಿ, ಆ ಬಾಗಿಲಿಂದ ಒಳಗೆ ಬರ್ತಾರೆ. ಮೂರು ಸುತ್ತು ಹೊಡೆದ್ರೆ ಒಂಬತ್ತು ಜನ. ಗೋಡೆ ಮೇಲಿನ ಫೋಟೋದಲ್ಲಿ ಹೆಲ್ಮೆಟ್ ಹಾಕ್ಕೊಂಡು ನಿಂತಿದಾನಲ್ಲ, ಗಣಿ ಕಂಪನಿ ಸೇರಿದ ನಮ್ಮ ಹಳೇ ವಿದ್ಯಾರ್ಥಿ ಅಂತೀನಿ. ಅವನು ನನ್ನ ಭಾವಮೈದುನ. ಎಂಟನೇ ಕ್ಲಾಸು ಫೇಲು. ಹೆಲ್ಮೆಟ್ಟು ಸ್ಕೂಟರಿನದು.”

ಎರಡನೆಯ ಸಾಲಿನ ಹುಡುಗಿಯೊಬ್ಬಳು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದಳು. ಮೇಷ್ಟ್ರಿಗೆ ಖುಷಿ ಉಕ್ಕಿತು. “ಏನಮ್ಮಾ ನಟನೆ! ಸಾಕ್ಷಾತ್ ಬೆಪ್ಪೇ ಬಂದು ಕೂತ ಹಾಗಿದೆ. ಅಪ್ಪ ಏನು ಕೆಲಸ ಮಾಡ್ತಾರೆ?”

“ಅಡುಗೆ ಕೆಲಸ, ಸಾರ್.”

“ಅದಕ್ಕೇ! ಉಪ್ಪು ಖಾರದ ಹದ ಬಲ್ಲ ಮನೆತನ.”

“ಆ ಕಿಟಕಿ ಹತ್ತಿರ ಇರೋದು ಏನು ಸಾರ್?”

ಅಲ್ಲಿ ಕಾಗದ ಹಾರದಂತೆ ಇಟ್ಟ ಒಂದು ಬೂದು ಹಲಗೆಕಲ್ಲು. ಮೈತುಂಬ ಸಣ್ಣ ಸಣ್ಣ ಗುಳಿ. ಮೇಷ್ಟ್ರು ಅದನ್ನೆತ್ತಿಕೊಂಡರು. ಅವರ ದನಿ ತಾನಾಗಿ ತಗ್ಗಿತು.

“ಇದಾ? ಇದು ಮಳೆ. ಯಾವುದೋ ಕಾಲದಲ್ಲಿ, ಭೂಮಿ ಮೇಲೆ ಒಂದು ಹಕ್ಕಿಯೂ ಹುಟ್ಟದೇ ಇದ್ದಾಗ, ಕೆಸರಿನ ಮೇಲೆ ನಾಕು ಹನಿ ಬಿತ್ತು. ಬಿಸಿಲು ಬಂತು, ಒಣಗ್ತು. ಮೇಲೆ ಮಣ್ಣು ಮುಚ್ಕೊಳ್ತು. ಆ ಸಂಜೆ ಗಾಳಿ ಯಾವ ಕಡೆಯಿಂದ ಬೀಸ್ತಿತ್ತು ಅಂತ ಈ ಗುಳಿ ನೋಡಿ ಹೇಳ್ಬಲ್ಲೆ ನಾನು.”

ಬೆಂಚುಗಳು ಸದ್ದಿಲ್ಲದೆ ಮುಂದಕ್ಕೆ ವಾಲಿದವು. ಬಾಯಿಗಳು, ಯಾರೂ ಹೇಳದೆ, ತೆರೆದುಕೊಂಡವು.

“ಇದನ್ನೂ ತೋರಿಸ್ತೀರಾ ಸಾರ್?” ಎಂದಳು ಹುಡುಗಿ.

“ಹನ್ನೊಂದು ಗಂಟೆಯವರಿಗಾ? ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ! ಅವಕ್ಕೆ ಕಿಟ್ಟ ಸಾಕು.” ಕಲ್ಲು ಮತ್ತೆ ಕಾಗದದ ಮೇಲೆ ಕೂತಿತು. “ಸರಿ, ಕೊನೇ ಅಂಕ. ಅರ್ಜಿ ಹಂಚ್ತೀನಿ. ಹೆಸರು ತುಂಬಿ, ಧನ್ಯರಾದ್ವಿ ಅನ್ನೋ ಮುಖ ಮಾಡ್ಕೊಂಡು ವಾಪಸ್ ಕೊಡಿ.”

ಅರ್ಜಿಗಳು ಬೆಂಚಿನಿಂದ ಬೆಂಚಿಗೆ ದಾಟಿದವು. ಪೆನ್ನು ತೆಗೆದವರಿಲ್ಲ. ಯಜಮಾನರು ಮೊದಲು ಎದ್ದರು. ಖಾಲಿ ಹಾಳೆಯನ್ನು ಮೇಜಿನ ಮೇಲಿಟ್ಟರು. ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಹುಡುಗಿ ತನ್ನ ಹಾಳೆಯನ್ನು ಒಂದು ಗಳಿಗೆ ಹಿಡಿದು ನಿಂತಳು. ಆಮೇಲೆ ಅದನ್ನೂ ಇಟ್ಟಳು.

“ಏಯ್, ಎಲ್ಲಿಗೆ? ನಟನೆಗಾದ್ರೂ ತುಂಬಬೇಡವಾ? ಅವರೂ ಹೀಗೆ ಎದ್ದು ಹೋದ್ರೆ ನಾನು ಮುಳುಗಿದ ಹಾಗೇ!”

“ತಲೆ ಆಡಿಸಿ ಅಂದ್ರಿ, ಆಡಿಸಿದ್ವಿ ಸಾರ್,” ಎಂದರು ಯಜಮಾನರು ಬಾಗಿಲಲ್ಲಿ ತಿರುಗಿ. “ಅಷ್ಟು ಸಾಕು.”

ಮೇಷ್ಟ್ರು ಖಾಲಿ ಹಾಳೆಗಳನ್ನು ಜೋಡಿಸುತ್ತ ನಕ್ಕರು. ಕೂಲಿಜನಕ್ಕೆ ಎಷ್ಟು ಕೊಬ್ಬು! ನಿಜವಾದ ಬೆಪ್ಪುಗಳಾದರೆ ಇಷ್ಟು ಹೊತ್ತಿಗೆ ಕಾಲಿಗೆ ಬೀಳುತ್ತಿದ್ದರು.

ಹತ್ತು ನಿಮಿಷ ಕಳೆದಿರಬೇಕು. ಗುಮಾಸ್ತೆ ಏದುಸಿರು ಬಿಡುತ್ತ ಬಂದಳು. ಬೆನ್ನಹಿಂದೆ ಒದ್ದೆ ಕೈ ಒರೆಸಿಕೊಳ್ಳುತ್ತಿದ್ದ ಹದಿನೈದು ಮಂದಿ.

“ಬೈಬೇಡಿ ಸಾರ್, ಅಡುಗೆಮನೆಯವರಿಗೆ ಬಿಡುವಾಗೋದೇ ಇಷ್ಟು ಹೊತ್ತಾಯ್ತು, ರಿಹರ್ಸಲ್ ಈಗ ಶುರುಮಾಡಿ, ಅಂದ ಹಾಗೆ, ವಿಭಾಗ ನೋಡೋಕೆ ಅಂತ ಆ ಮಕ್ಕಳು ಮನೆಯವರ ಜೊತೆ ಬೆಳಿಗ್ಗೆ ಏಳು ಗಂಟೆಗೇ ಬಂದು ಗೇಟಲ್ಲಿ ಕಾಯ್ತಿದ್ರಂತೆ, ವಾಚ್‌ಮನ್ ಪಾಪ ಅಂತ ಇಲ್ಲೇ ಕೂರಿಸಿದ್ನಂತೆ, ಅವ್ರೆಲ್ಲಿ ಸಾರ್?”