ಏಳನೇ ವಾರ್ಡಿನ ಮೌನ

ಹೊಳೆ ಠರಾವಿನ ಮಾತು ಕೇಳಲು ಶುರುಮಾಡಿದ ಮೇಲೆ, ನಮ್ಮ ಪಟ್ಟಣ ಪಂಚಾಯ್ತಿಯ ಪ್ರವಾಹ ಪೂರ್ವಸಿದ್ಧತಾ ಸಭೆ ಚಹಾ ಆರುವುದರೊಳಗೆ ಮುಗಿಯುತ್ತಿತ್ತು. ನೀರು ಯಾವ ವಾರ್ಡಿಗೆ ಹೋಗಬೇಕೆಂದು ಸರ್ವಾನುಮತದಿಂದ ತೀರ್ಮಾನಿಸಿದರೆ ಅದು ಅಲ್ಲಿಗಷ್ಟೇ ಹೋಗುತ್ತದೆ, ಆಳೆತ್ತರ ನಿಲ್ಲುತ್ತದೆ. ಒಬ್ಬ ಸದಸ್ಯರು ಬೇಡವೆಂದರೂ ಊರಿನ ಎಲ್ಲ ಮನೆಗಳಿಗೂ ಮೊಣಕಾಲುದ್ದ ಬರುತ್ತದೆ.

ಈ ಮಳೆಗಾಲವೂ ಅಧ್ಯಕ್ಷ ಈರಭದ್ರಪ್ಪನವರು ಆಕಳಿಸುತ್ತಲೇ, "ಏಳನೇ ವಾರ್ಡು. ಅವರಿಗೆ ರೂಢಿ ಆಗೇತಿ," ಎಂದರು.

ಏಳನೇ ವಾರ್ಡಿನ ಸದಸ್ಯೆ ಕಾಶವ್ವ ಎಂದಿನಂತೆ ಸುಮ್ಮನೆ ಕೂತಿದ್ದರು. ಹೋದ ವರ್ಷ ನೆನೆದ ಅವರ ಮನೆಯ ಗೋಡೆ ಇನ್ನೂ ಒಣಗಿರಲಿಲ್ಲ.

"ಮೌನಂ ಸಮ್ಮತಿ ಲಕ್ಷಣಂ," ಎಂದರು ಅಧ್ಯಕ್ಷರು. ಅವರಿಗೆ ಬರುತ್ತಿದ್ದ ಸಂಸ್ಕೃತ ಅಷ್ಟೇ. ಪ್ರತಿ ವರ್ಷ ಒಂದು ವಾರ್ಡು ಮುಳುಗಿಸಲು ಅಷ್ಟು ಸಾಕಾಗಿತ್ತು.

"ಸಮ್ಮತಿ ಅಲ್ರೀ, ಸಾಕಾಗಿ ಕುಂತಿದ್ದೆ," ಎಂದರು ಕಾಶವ್ವ. "ಈ ಸಲ ನಾ ಒಲ್ಲೆ."

"ಯವ್ವಾ, ಹಂಗಂದ್ರ ಎಲ್ಲಾರ ಮನಿಗೂ ಬರ್ತೈತಲ್ಲ!" ಎಂದರು ಅಧ್ಯಕ್ಷರು.

"ಬರ್ಲಿ ಬಿಡ್ರಿ. ನಮ್ಮ ಮನಿ ನೋಡಿ ನೋಡಿ ಹೊಳಿಗೂ ಬ್ಯಾಸರ ಆಗೇತಿ."

ಎರಡನೇ ವಾರ್ಡಿನವರು ಒಂದಿಷ್ಟು ಬೇಡಿಕೊಂಡರು, ಐದನೆಯವರು ಒಂದಿಷ್ಟು ಬೈದರು. ಕಾಶವ್ವ ಜಗ್ಗಲಿಲ್ಲ. ಕೊನೆಗೆ ಒಬ್ಬೊಬ್ಬರೇ ಎದ್ದು ಫೋನು ಹಿಡಿದು ಕಿಟಕಿಯ ಹತ್ತಿರ ಹೋದರು.

ಅಧ್ಯಕ್ಷರ ದನಿ ಎಲ್ಲರಿಗೂ ಕೇಳಿಸುತ್ತಿತ್ತು. "ಜೋಳದ ಚೀಲ ಅಟ್ಟಕ್ಕ ಏರ್ಸು. ಹಾಸಿಗಿ ಎತ್ತಿಡು. ಹೌದ, ನಮ್ಮನಿಗೇ ಬರಾಕತ್ತೈತಿ. ಅಡಗಿ ಏನೂ ಬ್ಯಾಡ ಮಾರಾಯ್ತಿ, ಬೀಗರಲ್ಲ, ಹೊಳಿ!"